ವಿಂಡೋಸ್ 10 ಬೆಂಬಲ ಮುಗಿದ ಮೂರು ಕಂಪ್ಯೂಟರ್: ಯಾವುದಕ್ಕೆ ಏನು ಮಾಡೋದು?

ಪ್ರಶ್ನೆ

ಮೂರರಲ್ಲೂ ವಿಂಡೋಸ್ 10 ಇದೆ.

ಅ) ಡೆಸ್ಕ್‌ಟಾಪ್: ಐ5-8400, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ವಿಂಡೋಸ್ 11ಕ್ಕೆ ಅರ್ಹವಲ್ಲ ಅಂತ ತೋರಿಸ್ತಿದೆ.
ಆ) ಲ್ಯಾಪ್‌ಟಾಪ್: ಐ5-7200ಯು, 8 ಜಿಬಿ, 1 ಟಿಬಿ ಹಾರ್ಡ್‌ಡಿಸ್ಕ್. ಲೆಕ್ಕಪತ್ರದ ಸಾಫ್ಟ್‌ವೇರ್ ಇದರಲ್ಲಿದೆ, ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ. ಯಂತ್ರ ತುಂಬಾ ನಿಧಾನ.
ಇ) ಲ್ಯಾಪ್‌ಟಾಪ್: ಐ3-4005ಯು, 4 ಜಿಬಿ, ಹಾರ್ಡ್‌ಡಿಸ್ಕ್. ಬ್ರೌಸರ್, ಮೇಲ್, ವಿಡಿಯೊ ಅಷ್ಟೇ. ವಿಡಿಯೊ ತಡವರಿಸುತ್ತೆ.

ಮೂರನ್ನೂ ಬದಲಾಯಿಸಬೇಕಾ?

ಉತ್ತರ 1

'ಅ' ಯಂತ್ರಕ್ಕೆ ಏನೂ ಆಗಿಲ್ಲ. ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇದೆ. ಬಹುಶಃ ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮುಂಚೆ ತೆರೆಯುವ ಬೋರ್ಡ್‌ನ ಸೆಟ್ಟಿಂಗ್) ಟಿಪಿಎಂ, ಅಂದ್ರೆ ವಿಂಡೋಸ್ 11 ಕೇಳುವ ಭದ್ರತಾ ಘಟಕ, ಆಫ್ ಆಗಿರುತ್ತೆ. ಇಂಟೆಲ್ ಬೋರ್ಡ್‌ಗಳಲ್ಲಿ ಅದನ್ನ ಪಿಟಿಟಿ ಅನ್ನೋ ಹೆಸರಲ್ಲಿ ಹುಡುಕಿ, ಆನ್ ಮಾಡಿ.

ಆಮೇಲೆ ಸಿಸ್ಟಮ್ ಇನ್ಫರ್ಮೇಶನ್ ತೆರೆದು 'ಬಯಾಸ್ ಮೋಡ್' ನೋಡಿ. 'ಲೆಗಸಿ' ಅಂತಿದ್ದರೆ ಅವಸರದಲ್ಲಿ ಬಯಾಸ್‌ಗೆ ಹೋಗಿ ಯುಇಎಫ್‌ಐಗೆ (ವಿಂಡೋಸ್ 11 ಕೇಳುವ ಹೊಸ ಬೂಟ್ ವಿಧಾನ) ತಿರುಗಿಸಬೇಡಿ. ಡಿಸ್ಕ್ ಇನ್ನೂ ಎಂಬಿಆರ್ ಅನ್ನೋ ಹಳೇ ಪಾರ್ಟಿಶನ್ ಮಾದರಿಯಲ್ಲೇ ಇರೋದರಿಂದ ವಿಂಡೋಸ್ ಬೂಟ್ ಆಗೋದೇ ಇಲ್ಲ. ಮೊದಲು ಬ್ಯಾಕಪ್. ನಂತರ ವಿಂಡೋಸ್ ಜತೆಗೇ ಬರುವ ಎಂಬಿಆರ್‌ಟುಜಿಪಿಟಿ ಟೂಲ್‌ನಿಂದ ಮೊದಲು ಪರೀಕ್ಷೆ, ಅದು ಪಾಸಾದರೆ ಜಿಪಿಟಿ ಅನ್ನೋ ಹೊಸ ಮಾದರಿಗೆ ಪರಿವರ್ತನೆ. ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇದ್ದರೆ ಪರೀಕ್ಷೆಯಲ್ಲೇ ಫೇಲ್ ಆಗುತ್ತೆ. ಪರಿವರ್ತನೆ ಮುಗಿದ ಮೇಲೇ ಯುಇಎಫ್‌ಐ, ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶದಿಂದ ಬೂಟ್ ಆಗೋದನ್ನ ತಡೆಯುವ ಸೆಟ್ಟಿಂಗ್) ಆನ್ ಮಾಡಿ.

ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಗೂಢಲಿಪೀಕರಣ) ಇದ್ದರೆ ಇಷ್ಟಕ್ಕೂ ಮುಂಚೆ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಂಡು, ಬಿಟ್‌ಲಾಕರ್ ಅನ್ನ ಸಸ್ಪೆಂಡ್ ಮಾಡಿ.

ಉತ್ತರ 2

'ಆ' ಏಳನೇ ತಲೆಮಾರು, ಪಟ್ಟಿಯಲ್ಲಿಲ್ಲ. ರೂಫಸ್ ಅನ್ನೋ ಟೂಲ್‌ನಿಂದ ಇನ್‌ಸ್ಟಾಲ್ ಯುಎಸ್‌ಬಿ ಮಾಡುವಾಗ ಟಿಪಿಎಂ, ಸೆಕ್ಯೂರ್ ಬೂಟ್ ತಪಾಸಣೆ ತೆಗೆದುಹಾಕಿದರೆ ವಿಂಡೋಸ್ 11 ಕೂತ್ಕೊಳ್ಳುತ್ತೆ, ಓಡುತ್ತೆ ಕೂಡ.

ಉತ್ತರ 3

ಓಡುತ್ತೆ, ನಿಜ. ಆದರೆ ಲೆಕ್ಕಪತ್ರ ಇರೋ ಯಂತ್ರಕ್ಕೆ ನಾನು ಆ ದಾರಿ ಹೇಳೋದಿಲ್ಲ. ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಗುತ್ತೆ ಅನ್ನೋ ಖಾತರಿಯನ್ನ ಮೈಕ್ರೋಸಾಫ್ಟ್ ಕೊಡೋದಿಲ್ಲ. ವಾರ್ಷಿಕ ಆವೃತ್ತಿ ಬಂದಾಗ ಸಾಮಾನ್ಯವಾಗಿ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಇಳಿಸಿಕೊಂಡು ಮತ್ತೆ ಅದೇ ಕಸರತ್ತು ಮಾಡಬೇಕು.

ಇದಕ್ಕೆ ಇಎಸ್‌ಯು, ಅಂದ್ರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುವ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ, ಸಾಕು. ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತರೂ, ಇಎಸ್‌ಯುನಲ್ಲಿ ಸೇರಿದ ಮನೆ ಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಅಂತ ಮೈಕ್ರೋಸಾಫ್ಟ್ ಘೋಷಿಸಿತ್ತು. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಸೇರಲು ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಲಿಂಕ್ ಬರುತ್ತೆ. ಕಚೇರಿಯ ಡೊಮೈನ್‌ಗೆ (ಕಚೇರಿಯೇ ನಿಯಂತ್ರಿಸುವ ಜಾಲ) ಸೇರಿದ ಯಂತ್ರಕ್ಕೆ ಈ ಯೋಜನೆ ಅನ್ವಯಿಸಲ್ಲ. ಆ ಅವಧಿಯೊಳಗೆ ಲೆಕ್ಕಪತ್ರವನ್ನ 'ಅ'ಗೆ ಸಾಗಿಸಿಬಿಡಿ, ಆಮೇಲೆ 'ಆ'ಯನ್ನ ಲಿನಕ್ಸ್‌ಗೆ (ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಬದಲಾಯಿಸಿ.

'ಆ' ನಿಧಾನ ಇರೋದು ಹಾರ್ಡ್‌ಡಿಸ್ಕ್‌ನಿಂದ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ. ಹಳೇ ಡಿಸ್ಕ್ ಅನ್ನ ಹಾಗೇ ಅದಕ್ಕೆ ಕ್ಲೋನ್ (ಪೂರ್ತಿ ನಕಲು) ಮಾಡೋ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಟೂಲ್‌ನಲ್ಲಿ 'ಪೆಂಡಿಂಗ್ ಸೆಕ್ಟರ್' (ಓದಲು ಕಷ್ಟವಾಗ್ತಿರೋ ಜಾಗಗಳ ಸಂಖ್ಯೆ) ನೋಡಿ. ಸೊನ್ನೆ ಇಲ್ಲದಿದ್ದರೆ ಕ್ಲೋನ್ ಅರ್ಧದಲ್ಲಿ ನಿಲ್ಲೋ ಸಂಭವ ಹೆಚ್ಚು. ಆಗ ಫೈಲ್‌ಗಳನ್ನಷ್ಟೇ ನಕಲು ಮಾಡಿಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಿ. ಇನ್ನೊಂದು: ಹಳೇ ಡಿಸ್ಕ್ 9.5 ಮಿ.ಮೀ. ದಪ್ಪ ಇದ್ದು ಎಸ್‌ಎಸ್‌ಡಿ 7 ಮಿ.ಮೀ. ಆಗಿದ್ದರೆ 2.5 ಮಿ.ಮೀ. ಸ್ಪೇಸರ್ ಅಂಟಿಸಿ, ಇಲ್ಲಾಂದ್ರೆ ಅದು ಗೂಡಿನಲ್ಲಿ ಅಲುಗಾಡಿ ಕನೆಕ್ಟರ್ ಸಡಿಲ ಆಗುತ್ತೆ.

ಉತ್ತರ 4

'ಇ'ಗೆ ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ. 2029ರವರೆಗೆ ಅಪ್‌ಡೇಟ್ ಬರುತ್ತೆ. ಇಲ್ಲೂ ಎಸ್‌ಎಸ್‌ಡಿ ಮೊದಲು, ರ‍್ಯಾಮ್ ಆಮೇಲೆ. ರ‍್ಯಾಮ್ ಕೊಳ್ಳುವಾಗ 1.35 ವೋಲ್ಟ್‌ನ ಡಿಡಿಆರ್3ಎಲ್ ಅಂತ ಬರೆದಿರೋದನ್ನೇ ತಗೊಳ್ಳಿ. 1.5 ವೋಲ್ಟ್‌ನ ಬರೀ ಡಿಡಿಆರ್3 ಹಾಕಿದರೆ ಈ ತಲೆಮಾರಿನ ಬಹಳಷ್ಟು ಲ್ಯಾಪ್‌ಟಾಪ್‌ಗಳು ಪರದೆಯನ್ನೇ ತೋರಿಸಲ್ಲ. ಜನ ಬೋರ್ಡ್ ಹೋಯ್ತು ಅಂದ್ಕೊಳ್ತಾರೆ.

ಇನ್‌ಸ್ಟಾಲ್ ಮಾಡೋಕೆ ಮುಂಚೆ ಯುಎಸ್‌ಬಿಯಿಂದಲೇ ಓಡಿಸಿ ವೈಫೈ, ಧ್ವನಿ, ಪ್ರಿಂಟರ್, ಲಿಡ್ ಮುಚ್ಚಿ ತೆರೆದಾಗ ಎಚ್ಚರ ಆಗುತ್ತಾ, ಎಲ್ಲ ನೋಡಿ. ಬ್ರಾಡ್‌ಕಾಮ್ ವೈಫೈ ಆಗಿದ್ದರೆ ಆರಂಭದಲ್ಲಿ ಕಾಣದೇ ಇರಬಹುದು. ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಕೊಟ್ಟು ಡ್ರೈವರ್ ಮ್ಯಾನೇಜರ್ ತೆರೆಯಿರಿ.

ವಿಡಿಯೊ ತಡವರಿಸೋದು ಬೇರೆ ಕಾರಣಕ್ಕೆ. ಯೂಟ್ಯೂಬ್ ಕಳಿಸೋ ವಿಪಿ9 ಅನ್ನೋ ವಿಡಿಯೊ ಮಾದರಿಗೆ ಈ ಚಿಪ್‌ನಲ್ಲಿ ಪೂರ್ಣ ಹಾರ್ಡ್‌ವೇರ್ ಡಿಕೋಡರ್ ಇಲ್ಲ, ಭಾರವೆಲ್ಲ ಸಿಪಿಯು ಮೇಲೆ ಬೀಳುತ್ತೆ. ಎಚ್264 ಅನ್ನೋ ಹಳೇ ಮಾದರಿಯನ್ನ ಮಾತ್ರ ಕೇಳೋ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿ 720ಪಿಯಲ್ಲಿ ಇಡಿ.

ಪ್ರಶ್ನೆ ಕೇಳಿದವರು

ಪಿಟಿಟಿ ಆಫ್ ಆಗಿತ್ತು, 'ಅ' ಈಗ ಅರ್ಹ ಅಂತ ತೋರಿಸ್ತಿದೆ. ತೆಗೆದ ಹಾರ್ಡ್‌ಡಿಸ್ಕ್‌ಗಳನ್ನ ಫಾರ್ಮ್ಯಾಟ್ ಮಾಡಿ ಕೊಟ್ಟುಬಿಡಬಹುದಾ?

ಉತ್ತರ 3

ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಬರೀ ಸೂಚಿಯನ್ನ ಅಳಿಸುತ್ತೆ, ಫೈಲ್‌ಗಳು ಒಳಗೇ ಇರುತ್ತವೆ. ಹಾರ್ಡ್‌ಡಿಸ್ಕ್‌ಗೆ ಮಿಂಟ್‌ನ 'ಡಿಸ್ಕ್ಸ್' ಆ್ಯಪ್‌ನಲ್ಲಿ ಸೊನ್ನೆ ತುಂಬಿಸೋ ಆಯ್ಕೆ ಇದೆ, ಒಂದು ಸಲ ಸಾಕು. 1 ಟಿಬಿಗೆ ಹಲವು ಗಂಟೆ ಹಿಡಿಯುತ್ತೆ. ಎಸ್‌ಎಸ್‌ಡಿ ಆಗಿದ್ದರೆ ಈ ವಿಧಾನ ಬೇಡ. ಅದರಲ್ಲಿ ಕಾದಿರಿಸಿದ ಜಾಗಕ್ಕೆ ಬರಹ ತಲುಪೋದೇ ಇಲ್ಲ, ಬಯಾಸ್‌ನ ಅಥವಾ ತಯಾರಕರ ಸೆಕ್ಯೂರ್ ಎರೇಸ್ ಬಳಸಬೇಕು.

ಆದರೆ ಲೆಕ್ಕಪತ್ರದ ಡಿಸ್ಕ್ ಈಗಲೇ ಅಳಿಸಬೇಡಿ. 'ಅ'ಯಲ್ಲಿ ಒಂದು ತಿಂಗಳ ಲೆಕ್ಕ ಸರಿಯಾಗಿ ಮುಗಿಯಲಿ, ಆಮೇಲೆ ಅಳಿಸಿ.