ಕುರಿಮೂಳೆಯಿಂದ ತೆಗೆದ ಬಿಎಂಪಿ (ಮೂಳೆ ಬೆಳೆಸುವ ಪ್ರೋಟೀನ್) ಸಾರಕ್ಕೆ ಕಸುವೇ ಇಲ್ಲ, ಯಾಕೆ?

ಮಜ್ಜೆಗಂಟು, ಬೆಂಗಳೂರು:
ಕುರಿಯ ತೊಡೆಮೂಳೆ ಪುಡಿಯ ಸುಣ್ಣವನ್ನು 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೆಗೆದು, ಪ್ರೋಟೀನ್ ಕರಗಿಸುವ 4 ಮೋಲಾರ್ ಗ್ವಾನಿಡೀನ್‌ನಲ್ಲಿ ರಾತ್ರಿಯಿಡೀ ಕಲಕಿ, ನೀರಿಗೆ ಡಯಾಲಿಸಿಸ್ ಮಾಡಿ ಗ್ವಾನಿಡೀನ್ ತೆಗೆದಿದ್ದೇವೆ. ಸಾರವನ್ನು ಇಲಿಯ ಚರ್ಮದಡಿ ಇಟ್ಟರೆ 12 ದಿನವಾದರೂ ಮೂಳೆಯ ಸುಳಿವಿಲ್ಲ. ಕರಗದೆ ಉಳಿದ ಗಸಿ ಇಟ್ಟರೂ ಅಷ್ಟೇ. ಪ್ರೋಟೀನ್ ಕೆಟ್ಟಿದೆಯಾ? (ಪ್ರಾಣಿ ನೈತಿಕ ಸಮಿತಿಯ ಅನುಮತಿ ಇದೆ.)

ಕೊಲಾಜೆನ್ ಕಟ್ಟೆ:
ಕೆಟ್ಟಿರಲೇಬೇಕು ಅಂತಿಲ್ಲ. ಎರಡನ್ನೂ ಬೇರೆಬೇರೆ ಇಟ್ಟಿದ್ದೀರಿ. 1965ರಲ್ಲಿ ಅಮೆರಿಕದ ಮೂಳೆ ವೈದ್ಯ ಯೂರಿಸ್ಟ್ ಸುಣ್ಣ ತೆಗೆದ ಮೂಳೆಯನ್ನು ಸ್ನಾಯುವಿನಲ್ಲಿ ಹೂತು ಹೊಸ ಮೂಳೆ ಬೆಳೆಸಿದರು. ಆದರೆ ಮೂಳೆ ಬೆಳೆಸುವ ಆ ಅಂಶ (ಬಿಎಂಪಿ) ಮೂಳೆಯ ಕರಗದ ಹಂದರ, ಅಂದರೆ ಮ್ಯಾಟ್ರಿಕ್ಸ್‌ಗೆ ಅಂಟಿಕೊಂಡಿತ್ತು. 1981ರಲ್ಲಿ ಸಂಶೋಧಕರಾದ ಸಂಪತ್ ಮತ್ತು ರೆಡ್ಡಿ ತೋರಿಸಿದ್ದೇ ನಿಮಗೆ ಈಗ ಕಾಣುತ್ತಿರುವುದು: ಸಾರಕ್ಕೂ ಗಸಿಗೂ ಒಂಟಿಯಾಗಿ ಕೆಲಸವಿಲ್ಲ, ಮತ್ತೆ ಬೆರೆಸಿದರೆ ಮೂಳೆ ಬರುತ್ತದೆ.

ಗಸಿ ಮಾತ್ರ ಕುರಿಯದ್ದು ಬೇಡ, ಇಲಿಯ ದೇಹ ಒಪ್ಪುವುದಿಲ್ಲ. ಇಲಿ ಮೂಳೆಯ ಪುಡಿಯನ್ನು 74–420 ಮೈಕ್ರಾನ್‌ಗೆ ಜರಡಿ ಹಿಡಿಯಿರಿ. ತೀರಾ ನುಣ್ಣಗಾದರೆ ಪ್ರಯೋಜನವಿಲ್ಲ. ಸುಣ್ಣ ತೆಗೆದು, ಗ್ವಾನಿಡೀನ್‌ನಲ್ಲಿ ತೊಳೆದ ಆ ಗಸಿಗೆ (25 ಮಿ.ಗ್ರಾಂ ಸಾಕು) ಕುರಿ ಸಾರ ಸೇರಿಸಿ. ಸಾರ ಇನ್ನೂ ಗ್ವಾನಿಡೀನ್‌ನಲ್ಲಿರುವಾಗಲೇ ಬೆರೆಸಬೇಕು, ಡಯಾಲಿಸಿಸ್ ಆದಮೇಲಲ್ಲ. ನೀರಿಗೆ ಹಾಕಿದರೆ ಬಿಎಂಪಿ ಕರಗದೆ ತಳಕ್ಕಿಳಿಯುತ್ತದೆ. ಬೆರೆಸಿದ ಮೇಲೆ ತಣ್ಣನೆ ಎಥನಾಲ್ ಹಾಕಿ ಕೂರಿಸಿ, ತೊಳೆದು ಒಣಗಿಸಿ.

ಬೆಂಚ್ ನಂ 7:
ಮೇಲಿನದು ಸರಿ. ಆದರೆ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆಗಳ ಮಾತೇ ಇಲ್ಲವಲ್ಲ? ಗ್ವಾನಿಡೀನ್ ದ್ರಾವಣಕ್ಕೆ ಬೆಂಜಮಿಡೀನ್, ಎನ್-ಈಥೈಲ್ ಮೇಲಿಮೈಡ್, ಪಿಎಂಎಸ್‌ಎಫ್ ಹಾಕಿ, 4 ಡಿಗ್ರಿಯಲ್ಲೇ ಇಡಿ. ಏಪ್ರಿಲ್ ಸೆಕೆಯಲ್ಲಿ ಬೆಂಚ್ ಮೇಲೆ ಬಿಟ್ಟರೆ ಮೂಳೆಯದೇ ಕಿಣ್ವಗಳು ಎಲ್ಲ ತಿಂದುಹಾಕುತ್ತವೆ. ಡಿಟಿಟಿ, ಮರ್‌ಕ್ಯಾಪ್ಟೋಎಥನಾಲ್ ಹತ್ತಿರ ಸುಳಿಯಬಾರದು: ಬಿಎಂಪಿ ಜೋಡಿ ಅಣು, ಜೋಡಿಯನ್ನು ಹಿಡಿದಿಡುವ ಡೈಸಲ್ಫೈಡ್ ಕೊಂಡಿಯನ್ನು ಇವು ಮುರಿದರೆ ಕೆಲಸ ಮುಗಿಯಿತು.

ಮಜ್ಜೆಗಂಟು:
ಪಿಎಂಎಸ್‌ಎಫ್ ಒಂದೇ ಹಾಕಿದ್ದೆವು. ಯಾವ ದಿನ ಏನು ನೋಡಬೇಕು?

ಕೊಲಾಜೆನ್ ಕಟ್ಟೆ:
ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಕೆಡುತ್ತದೆ, ಬಳಸುವ ಮುಂಚೆ ಹಾಕಿ. 7ನೇ ದಿನ ಮೃದ್ವಸ್ಥಿ, 12ಕ್ಕೆ ಆಲ್ಕಲೈನ್ ಫಾಸ್ಫಟೇಸ್ (ಮೂಳೆ ಕಟ್ಟುವ ಕೋಶಗಳ ಕಿಣ್ವ) ಮತ್ತು ಕ್ಯಾಲ್ಸಿಯಂ, 21ರ ಹೊತ್ತಿಗೆ ಮಜ್ಜೆ. ಕ್ಯಾಲ್ಸಿಯಂ ಒಂದನ್ನೇ ನಂಬಬೇಡಿ, ಸತ್ತ ಅಂಗಾಂಶವೂ ಸುಣ್ಣ ಹಿಡಿಯುತ್ತದೆ, ಸ್ಲೈಡ್ ನೋಡಲೇಬೇಕು.

ಬೆಂಚ್ ನಂ 7:
ಸಾರದಲ್ಲಿ ಯಾವ ಬಿಎಂಪಿ ಅಂತ ಬರೆಯುವಾಗ ಜೋಪಾನ. 1988ರಲ್ಲಿ ವೋಜ್ನಿ ತಂಡ ಜೀನ್‌ಗಳನ್ನು ಹಿಡಿದಾಗ ಬಿಎಂಪಿ-1 ಕೂಡ ಸಿಕ್ಕಿತ್ತು, ಅದು ಬೆಳವಣಿಗೆ ಅಂಶವಲ್ಲ, ಪ್ರೊಕೊಲಾಜೆನ್ (ಕೊಲಾಜೆನ್‌ನ ಮೊದಲ ರೂಪ) ತುದಿ ಕತ್ತರಿಸುವ ಕಿಣ್ವ. ಇನ್ನು ಬಿಎಂಪಿ-7 ಇಲ್ಲದ ಇಲಿಮರಿಗಳಲ್ಲಿ ಮೂತ್ರಪಿಂಡ, ಕಣ್ಣು ಸರಿಯಾಗಿ ಬೆಳೆಯುವುದಿಲ್ಲ. ಹಾಗಾಗಿ ಮೂಳೆ ಪರೀಕ್ಷೆಯಲ್ಲಿ ಪಾಸಾಗಿದ್ದನ್ನು ಮೂಳೆಗಷ್ಟೇ ಸೀಮಿತ ಎನ್ನಬೇಡಿ.