ಸ್ಥಳದಲ್ಲಿರದ ನಾಯಕನ ಹೊಣೆ ಸಾಬೀತಾಗುವುದು ಹೇಗೆ?

ಪ್ರಶ್ನೆ: ಹತ್ಯೆಗಳು ನಡೆದ ಸ್ಥಳದಲ್ಲೇ ಇರದ ರಾಷ್ಟ್ರಾಧ್ಯಕ್ಷರನ್ನು ಅಂತರರಾಷ್ಟ್ರೀಯ ನ್ಯಾಯಾಲಯವು ವೈಯಕ್ತಿಕವಾಗಿ ಅಪರಾಧಿ ಎಂದು ಘೋಷಿಸಲು ಆಧಾರವೇನು? ಪದವಿಯ ರಕ್ಷಣೆ ಅವರಿಗೆ ಇರುವುದಿಲ್ಲವೇ?

ಉತ್ತರ 1: 1998ರಲ್ಲಿ ಅಂಗೀಕಾರವಾದ ರೋಮ್ ಶಾಸನದ (ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದ) 27ನೇ ವಿಧಿಯ ಪ್ರಕಾರ ಪದವಿಯು ಯಾರನ್ನೂ ಹೊಣೆಯಿಂದ ಪಾರು ಮಾಡುವುದಿಲ್ಲ. 28ನೇ ವಿಧಿ ಇನ್ನೂ ಮುಖ್ಯವೆಂದು ನನ್ನ ಭಾವನೆ: ತನ್ನ ಹತೋಟಿಯಲ್ಲಿರುವ ಪಡೆಗಳು ಅಪರಾಧ ಎಸಗುತ್ತಿವೆ ಎಂದು ತಿಳಿದಿದ್ದೂ, ಅಥವಾ ತಿಳಿದಿರಬೇಕಾದ ಸನ್ನಿವೇಶದಲ್ಲಿದ್ದೂ, ಅದನ್ನು ತಡೆಯಲು ಇಲ್ಲವೇ ಶಿಕ್ಷಿಸಲು ಅಗತ್ಯ ಕ್ರಮ ಕೈಗೊಳ್ಳದ ಸೇನಾಧಿಕಾರಿಯೂ ಹೊಣೆಗಾರನಾಗುತ್ತಾನೆ.

ಉತ್ತರ 2: ನೆರೆಯ ಸಿಯೆರಾ ಲಿಯೋನಿನ ಬಂಡುಕೋರರಿಗೆ ಶಸ್ತ್ರಾಸ್ತ್ರ ಮತ್ತಿತರ ನೆರವು ನೀಡಿ ಅವರ ಕ್ರೌರ್ಯಕ್ಕೆ ಒತ್ತಾಸೆಯಾಗಿದ್ದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ ಸಿಯೆರಾ ಲಿಯೋನಿಗಾಗಿ ರಚಿಸಲಾದ ವಿಶೇಷ ನ್ಯಾಯಾಲಯವು 2012ರಲ್ಲಿ 50 ವರ್ಷಗಳ ಸೆರೆವಾಸ ವಿಧಿಸಿತು.

ಉತ್ತರ 3: ಸಂತ್ರಸ್ತರ ದೃಷ್ಟಿಯಿಂದ ಬಂಧನವೇ ನಿಜವಾದ ತೊಡಕು. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಸ್ವಂತ ಪೊಲೀಸರಿಲ್ಲ. 2009ರಲ್ಲಿ ಅದರ ಬಂಧನ ವಾರಂಟ್ ಹೊರಟ ಮೇಲೂ ಸುಡಾನಿನ ಅಧ್ಯಕ್ಷ ಒಮರ್ ಅಲ್-ಬಶೀರ್ 2019ರವರೆಗೆ ಅಧಿಕಾರದಲ್ಲೇ ಇದ್ದರು.