ಸಹಾಯ ಬೇಕು: ಮಗಳು ಮೊದಲ ಬೇಸ್‌ಗೆ ಬೇಗ ಓಡಬೇಕು

ನಮಸ್ಕಾರ. ನಾವು ಟೆಕ್ಸಾಸ್‌ನಲ್ಲಿದ್ದೇವೆ. 11 ವರ್ಷದ ಮಗಳು ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥ ಆಟ) ಆಡುತ್ತಾಳೆ. ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತಾಳೆ, ಆದರೆ ಮೊದಲ ಬೇಸ್ (ಹೊಡೆದ ಮೇಲೆ ಚೆಂಡು ಬರುವ ಮೊದಲೇ ಓಡಿ ಮುಟ್ಟಬೇಕಾದ ಜಾಗ) ತಲುಪುವಷ್ಟರಲ್ಲಿ ಔಟಾಗಿರುತ್ತಾಳೆ. ಇರುವುದೇ 60 ಅಡಿ. ಅರ್ಧ ಹೆಜ್ಜೆ ತಡವಾದರೂ ಮುಗಿಯಿತು. ಬಯಲಿನಲ್ಲಿ ಸುಮ್ಮನೆ ಓಡಲು ಬಿಟ್ಟರೆ ಜಿಂಕೆಯಂತೆ ಓಡುವ ಹುಡುಗಿ! ತೊಂದರೆ ಇರುವುದು ಬ್ಯಾಟ್ ಬೀಸಿದ ಮೇಲೆ ಎಂದು ನನಗನ್ನಿಸುತ್ತದೆ: ಚೆಂಡು ಎಲ್ಲಿಗೆ ಹೋಯಿತೆಂದು ನೋಡುತ್ತಾ ನಿಲ್ಲುತ್ತಾಳೆ. ಮೊದಲ ಬೇಸನ್ನು ದಾಟಿ ನೇರವಾಗಿ ಓಡಿಹೋಗಲು ನಿಯಮವೇ ಅವಕಾಶ ಕೊಟ್ಟಿದ್ದರೂ ಹತ್ತಿರ ಬಂದೊಡನೆ ವೇಗ ತಗ್ಗಿಸುತ್ತಾಳೆ. ಅವಳು ಬಲಗೈ ಬ್ಯಾಟರ್, ಎಡಗೈ ಬ್ಯಾಟರ್‌ನಂತೆ ನಿಂತು ಆಡಿದರೆ ಬೇಸ್ ಒಂದೆರಡು ಹೆಜ್ಜೆ ಹತ್ತಿರವಾಗುತ್ತದೆ ನಿಜ, ಆದರೆ ಈಗ ಬದಲಿಸುವುದು ಸರಿಯೇ? ಸಾಫ್ಟ್‌ಬಾಲ್ ಅಥವಾ ಓಟದ ತರಬೇತಿ ಕೊಟ್ಟವರಿದ್ದರೆ, ಆ ಮೊದಲ ಮೂರ್ನಾಲ್ಕು ಹೆಜ್ಜೆಗಳಿಗಾಗಿ ಮನೆಯಂಗಳದಲ್ಲೇ ಮಾಡಿಸಬಹುದಾದ ಅಭ್ಯಾಸಗಳನ್ನು ದಯವಿಟ್ಟು ತಿಳಿಸಿ. ಮುಂದಿನ ಪಂದ್ಯ ಶನಿವಾರ.